ದಾರಿಬದಿಯ ಹೂವು: ಮದ್ದು ಯಾವುದು, ವಿಷ ಯಾವುದು

ನಮ್ಮ ಓದುಗರಲ್ಲಿ ಅನೇಕರು ವರ್ಷಕ್ಕೊಮ್ಮೆಯಾದರೂ ಶಿರಾಡಿ ಘಾಟಿಯನ್ನಿಳಿದು ಕರಾವಳಿಯ ಕಡೆಗೆ ಹೋಗಿಬರುವವರು. ಘಾಟಿ ಇಳಿದೊಡನೆ ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿಗಳ ಮಾರ್ಗ. ಅಲ್ಲಿಂದ ಪುತ್ತೂರು, ಕುಂಬ್ರ, ಜಾಲ್ಸೂರುಗಳನ್ನು ಹಾಯ್ದು ಸುಳ್ಯ. ಇನ್ನೊಂದು ಕವಲು ಕಾಣಿಯೂರು, ಪಂಜಗಳ ಮೇಲೆ ಸುಬ್ರಹ್ಮಣ್ಯಕ್ಕೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ರಸ್ತೆಗಾಗಿ ಕಡಿದ ಮುರಕಲ್ಲಿನ ಬರೆಯೂ ಬರಿದಾಗಿ ಉಳಿಯುವುದಿಲ್ಲ. ಎರಡು ತಿಂಗಳ ಅಂತರದಲ್ಲಿ ಅದೇ ದಾರಿಯಲ್ಲಿ ಮರಳಿ ಬಂದವರಿಗೆ ಬೇರೆಯದೇ ಹೂವು ಎದುರಾಗುತ್ತದೆ. ಆಷಾಢದಲ್ಲಿ ಬರೆಯ ತುಂಬ ಕರ್ಣಕುಂಡಲದ ನಸುಗೆಂಪು, ಶ್ರಾವಣ ಭಾದ್ರಪದಗಳಲ್ಲಿ ತುಂಬೆಯ ಬಿಳುಪು, ಪುಷ್ಯ ಮಾಘಗಳಲ್ಲಿ ಕಳೆಗಿಡಗಳ ಮಾಸಲು ನೀಲಿ, ಚೈತ್ರಕ್ಕೆ ಕಕ್ಕೆಯ ಹಳದಿ.

ಈ ಹೂವುಗಳ ಸೊಬಗನ್ನು ಬಣ್ಣಿಸುವುದಷ್ಟೇ ಆರೋಗ್ಯ ವಿಭಾಗದ ಕೆಲಸವಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಗಳಲ್ಲಿ ದಾರಿಬದಿಯ ಗಿಡವೆಂದರೆ ಇಂದಿಗೂ ಅರ್ಧ ಅಡುಗೆಮನೆ, ಅರ್ಧ ಔಷಧದ ಪೆಟ್ಟಿಗೆ. ಆ ಗಿಡಗಳನ್ನು ಗುರುತಿಸಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಚಲನಚಿತ್ರದ ತುಣುಕಿನಂತೆ ಮೊಬೈಲಿನಲ್ಲಿ ಬಂದ ಚಿತ್ರವನ್ನು ನೋಡಿ ಕಿತ್ತು ತರುವವರು ಹೆಚ್ಚುತ್ತಿದ್ದಾರೆ. ಅಪಾಯವಿರುವುದು ಇಲ್ಲಿ.

ಮೊದಲು ತಗಚೆಯನ್ನು ಎತ್ತಿಕೊಳ್ಳೋಣ. ತುಳುವರು ಇದನ್ನು ತಜಂಕ್ ಎನ್ನುತ್ತಾರೆ. ಮೊದಲ ಮಳೆ ಬಿದ್ದೊಡನೆ ಚರಂಡಿಯ ಅಂಚಿನಲ್ಲಿ, ಬಸ್ ನಿಲ್ದಾಣದ ಹಿಂದೆ, ಶಾಲೆಯ ಬೇಲಿಯ ಬುಡದಲ್ಲಿ ಒತ್ತಾಗಿ ಮೊಳೆಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತಿಂಗಳಲ್ಲಿ ಇದರ ಎಳೆಯ ಚಿಗುರಿನಿಂದ ಪಲ್ಯ, ವಡೆ, ಅಂಬಡೆಗಳು ಆಗುತ್ತವೆ. ಹಿಂದೆ ಆಟಿಯೆಂದರೆ ಕಣಜ ಬರಿದಾದ, ಹೊರಗೆ ಕಾಲಿಡಲಾಗದ ಮಳೆಯ ತಿಂಗಳು. ಗದ್ದೆ ನೆಟ್ಟಾಗಿದೆ, ಕೊಯ್ಲು ದೂರವಿದೆ. ಬೇಲಿಯ ತಗಚೆ, ತೋಡಿನ ಬದಿಯ ಕೆಸು, ಬಿದಿರಿನ ಕಳಲೆಗಳೇ ಆಗ ಜೀವ ಹಿಡಿದವು. ಈಗ ಆಟಿಯ ಹೆಸರಿನಲ್ಲಿ ಸಭಾಭವನಗಳಲ್ಲಿ ಮೂವತ್ತು ನಲವತ್ತು ಬಗೆಯ ಖಾದ್ಯಗಳ ಕೂಟಗಳು ನಡೆಯುತ್ತವೆ. ಹಸಿವಿನ ಊಟ ಹಬ್ಬದ ಊಟವಾದುದರಲ್ಲಿ ತಪ್ಪೇನಿಲ್ಲ. ಹಸಿವಿನ ಕಾಲದ ಎಚ್ಚರ ಮಾತ್ರ ಹಬ್ಬದಲ್ಲಿ ಕಳೆದುಹೋಗಬಾರದು.

ತಗಚೆಯ ಎಲೆಯಲ್ಲಿ ಹೊಟ್ಟೆಯನ್ನು ಸಡಿಲಿಸುವ ಗುಣವಿದೆ. ಸೋನಾಮುಖಿಯ ಕುಲಕ್ಕೆ ಸೇರಿದ ಗಿಡವಾದುದರಿಂದ ಇದು ಸಹಜ. ಆದಕಾರಣವೇ ಹಿರಿಯರು ಹೂ ಬಿಡುವ ಮುನ್ನ, ಎಳೆಯ ಕುಡಿಯನ್ನಷ್ಟೇ ಚಿವುಟುತ್ತಿದ್ದರು. ಹಳದಿ ಹೂವು ಕಾಣಿಸಿಕೊಂಡ ಮೇಲೆ ಗಿಡ ಬಲಿತಂತೆ. ಅನಂತರ ಅದು ಅಡುಗೆಗೆ ಸಲ್ಲದು. ಈ ಗಿಡದ ಪಕ್ಕದಲ್ಲಿಯೇ ಅದರ ದಾಯಾದಿಯೊಂದು ಬೆಳೆಯುವುದುಂಟು: ಕಾಸಮರ್ದ, ಕೆಲವೆಡೆ ದೊಡ್ಡ ತಗಚೆ. ಹೂವಿನ ಬಣ್ಣ ಒಂದೇ. ತಗಚೆಯ ಎಲೆದಂಟಿನಲ್ಲಿ ತುದಿ ದುಂಡಾದ ಕಿರುಎಲೆಗಳು ಸಾಮಾನ್ಯವಾಗಿ ಮೂರು ಜೊತೆ. ಕಾಸಮರ್ದದಲ್ಲಿ ನಾಲ್ಕೈದು ಜೊತೆ, ತುದಿ ಚೂಪು. ತಗಚೆಯ ಕಾಯಿ ತೆಳುವಾಗಿ ಕುಡುಗೋಲಿನಂತೆ ಬಾಗಿರುತ್ತದೆ, ಕಾಸಮರ್ದದ ಕಾಯಿ ಚಪ್ಪಟೆ. ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಉತ್ತರಪ್ರದೇಶದ ಉದಾಹರಣೆ ಸಾಕು. ಅಲ್ಲಿನ ಪಶ್ಚಿಮದ ಜಿಲ್ಲೆಗಳಲ್ಲಿ ಪ್ರತಿವರ್ಷ ಮಳೆಗಾಲ ಮುಗಿದೊಡನೆ ಚಿಕ್ಕ ಮಕ್ಕಳು ವಾಂತಿ, ಮೂರ್ಛೆಗಳಿಗೆ ಒಳಗಾಗಿ ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಮಿದುಳು ಜ್ವರವೆಂದೇ ಬಹುಕಾಲ ತಿಳಿಯಲಾಗಿತ್ತು. ಬಿಜನೋರಿನ ಮಕ್ಕಳ ವೈದ್ಯರಾದ ವಿಪಿನ್ ವಶಿಷ್ಠ, ವೆಲ್ಲೂರಿನ ವೈರಾಣು ತಜ್ಞರಾದ ಟಿ. ಜೇಕಬ್ ಜಾನ್ ಮೊದಲಾದವರು ನಡೆಸಿದ, 2007ರ ಸುಮಾರಿಗೆ ಪ್ರಕಟವಾದ ಅಧ್ಯಯನಗಳು ಕಾರಣವನ್ನು ಹೊರಗೆಡಹಿದವು: ಮಕ್ಕಳು ಆಟವಾಡುತ್ತ ದಾರಿಬದಿಯ ಕಾಸಮರ್ದದ ಬೀಜಗಳನ್ನು ತಿಂದಿದ್ದರು. ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಆ ಬೀಜದ ವಿಷ ತಾಗುತ್ತದೆ.

ಆಟಿ ಅಮಾವಾಸ್ಯೆಯ ಕಷಾಯದ ವಿಷಯ ಇದಕ್ಕಿಂತ ಗಂಭೀರವಾದುದು. ಅಂದು ನಸುಕಿನಲ್ಲಿ ಹಾಲೆ ಮರದ, ತುಳುವಿನ ಪಾಲೆಯ, ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ತರುತ್ತಾರೆ, ಕಬ್ಬಿಣ ತಾಗಿಸುವುದಿಲ್ಲ. ಅರೆದು ಹಿಂಡಿದ ರಸಕ್ಕೆ ಕಾಳುಮೆಣಸು, ಬೆಳ್ಳುಳ್ಳಿ, ಓಮ, ಅರಿಶಿನ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿ ಒಗ್ಗರಿಸಿ, ಬರಿಹೊಟ್ಟೆಯಲ್ಲಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಕಹಿಯ ಹಿಂದೆಯೇ ತಂಪಿಗೆ ಮೆಂತೆಯ ಗಂಜಿ. ಮಳೆಗಾಲದ ಜ್ವರಗಳನ್ನು ಇದು ತಡೆಯುವುದೆಂಬ ನಂಬಿಕೆ ಹಳೆಯದು. ಆಯುರ್ವೇದದ ಸಪ್ತಪರ್ಣವೂ ಇದೇ ಮರ. ವಿಷಮಜ್ವರಕ್ಕೆ ಹೇಳಿದ ಔಷಧ. ಇದರ ಮೆದು ಮರದಿಂದ ಶಾಲಾ ಮಕ್ಕಳ ಬರೆಯುವ ಹಲಗೆಗಳನ್ನು ಮಾಡುತ್ತಿದ್ದುದರಿಂದ ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸ್ಕೊಲಾರಿಸ್ ಎಂಬ ಹೆಸರು ಬಂದಿದೆ. ಮಲೇರಿಯಕ್ಕೆ ಕ್ವಿನೈನಿನ ಬದಲಿಗೆ ಇದನ್ನು ಬಳಸಬಹುದೆಂದು ಹತ್ತೊಂಬತ್ತನೆಯ ಶತಮಾನದ ವೈದ್ಯರು ನಂಬಿದ್ದರು; ಅನಂತರದ ಪರೀಕ್ಷೆಗಳಲ್ಲಿ ಆ ಗುಣ ಕಾಣಲಿಲ್ಲ. ವರ್ಷಕ್ಕೊಮ್ಮೆ ಒಂದು ಗುಟುಕು ಕುಡಿಯುವ ಆಚರಣೆಯನ್ನು ನಾವು ಆಕ್ಷೇಪಿಸುವುದಿಲ್ಲ. ಮಂಗಳೂರಿನಿಂದ ಮೇಲೆ ಘಟ್ಟದ ಬುಡದವರೆಗೆ ಮಲೇರಿಯ ಬಂದಾಗ ರಕ್ತಪರೀಕ್ಷೆಯ ಬದಲು ಇದನ್ನು ನೆಚ್ಚಿ ಕುಳಿತುಕೊಳ್ಳುವುದನ್ನು ಆಕ್ಷೇಪಿಸುತ್ತೇವೆ.

ಆದರೆ ನಸುಗತ್ತಲಲ್ಲಿ ಮರ ತಪ್ಪಿದರೆ ಗತಿಯೇನು? ಇದೇ ಕಾಡಂಚುಗಳಲ್ಲಿ ಕಾಸರಕವೂ ಇದೆ, ತುಳುವಿನಲ್ಲಿ ಕಾಯೆರ್. ಅದರ ಬೀಜದಲ್ಲಿಯಂತೆ ತೊಗಟೆಯಲ್ಲಿಯೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಕುಡಿದ ಅರ್ಧ ತಾಸಿನೊಳಗೆ ಮೈಯ ಸ್ನಾಯುಗಳೆಲ್ಲ ಸೆಟೆದು, ಪ್ರಜ್ಞೆ ಪೂರ್ಣವಾಗಿ ಇರುವಾಗಲೇ ಉಸಿರು ಕಟ್ಟುತ್ತದೆ. ಇದೂ ಕಹಿ, ಅದೂ ಕಹಿ. ನಾಲಿಗೆಗೆ ಭೇದ ತಿಳಿಯದು. ಕಣ್ಣಿಗೆ ತಿಳಿಯುತ್ತದೆ, ಬೆಳಕಿದ್ದರೆ. ಹಾಲೆಯ ಎಲೆಗಳು ಕೊಂಬೆಯ ಒಂದೇ ಗೆಣ್ಣಿನಲ್ಲಿ ನಾಲ್ಕರಿಂದ ಏಳರವರೆಗೆ ಕೊಡೆಯ ಕಡ್ಡಿಗಳಂತೆ ಸುತ್ತಲೂ ಹೊರಡುತ್ತವೆ. ತೊಗಟೆಗೆ ಉಗುರು ತಾಗಿದರೆ ಬಿಳಿಯ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ, ಎಲೆಯ ಬುಡದಿಂದ ಮೂರರಿಂದ ಐದು ನರಗಳು ತುದಿಯ ಕಡೆಗೆ ಸಾಗುತ್ತವೆ, ಹಾಲು ಇಲ್ಲ. ಹಾಲು ಒಸರಿತೆಂಬುದೊಂದೇ ಗುರುತು ಸಾಲದು, ಹಾಲುಳ್ಳ ವಿಷಮರಗಳು ಬೇರೆಯೂ ಇವೆ. ಎಲೆಯ ಸುತ್ತು, ಹಾಲು ಎರಡೂ ಸೇರಬೇಕು. ಬಲ್ಲವರು ಹಿಂದಿನ ದಿನವೇ ಹಗಲಿನಲ್ಲಿ ಮರವನ್ನು ಗೊತ್ತುಮಾಡಿ ಬುಡಕ್ಕೆ ಗುರುತು ಕಟ್ಟಿ ಬರುತ್ತಾರೆ. ಇದು ಸರಿಯಾದ ಪದ್ಧತಿ. ಯಾರೋ ಬಾಟಲಿಯಲ್ಲಿ ತುಂಬಿ ಮಾರುವ ಕಷಾಯವನ್ನು ಕುಡಿಯುವುದು ಸರಿಯಾದ ಪದ್ಧತಿಯಲ್ಲ. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಇದನ್ನು ಕೊಡಲೇಬಾರದು.

ಇದೇ ಮಾಸದಲ್ಲಿ ಬೇಲಿಗಳ ಮೇಲೆ ಬೆಂಕಿಯ ನಾಲಿಗೆಗಳಂತೆ ಏಳುವ ಹೂವೊಂದಿದೆ. ಅಗ್ನಿಶಿಖೆ, ಶಿವಶಕ್ತಿ, ಗೌರಿಹೂ, ಕೋಳಿಕುಟುಮ ಎಂದು ಊರಿಗೊಂದು ಹೆಸರು. ಎಲೆಯ ತುದಿಯೇ ಕೊಕ್ಕೆಯಾಗಿ ಪಕ್ಕದ ಗಿಡವನ್ನು ಹಿಡಿದು ಏರುತ್ತದೆ. ಹಸುರಾಗಿ ಬಿರಿದು, ಹಳದಿಯಾಗಿ, ಕೊನೆಗೆ ಕಡುಗೆಂಪಾಗುವ ಆರು ಎಸಳುಗಳು ಮೇಲಕ್ಕೆ ಮಡಚಿರುತ್ತವೆ. ತಮಿಳುನಾಡಿನ ರಾಜ್ಯಪುಷ್ಪವಿದು. ಅಂದದಲ್ಲಿ ಇದಕ್ಕೆ ಸಮನಾದ ಮಳೆಗಾಲದ ಹೂವು ಬೇರೊಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಅಪಾಯದಲ್ಲಿಯೂ ಹಾಗೆಯೇ. ನೇಗಿಲಿನಂತೆ ಬಾಗಿದ ಇದರ ಗೆಡ್ಡೆಯಿಂದಲೇ ಸಂಸ್ಕೃತದಲ್ಲಿ ಲಾಂಗಲಿ ಎಂಬ ಹೆಸರು. ಕಾಡುಗೆಣಸನ್ನು ಅಗೆಯುವವರು ಇದನ್ನು ಗೆಣಸೆಂದೇ ತಿಳಿದು ಬೇಯಿಸಿದರೆ ಉಳಿಗಾಲವಿಲ್ಲ. ಇದರಲ್ಲಿನ ಕೊಲ್ಚಿಸಿನ್ ಬೇಯಿಸಿದರೆ ನಾಶವಾಗುವುದಿಲ್ಲ. ಸಂಧಿವಾತದ ಒಂದು ಬಗೆಗೆ ವೈದ್ಯರು ಮಿಲಿಗ್ರಾಮಿನ ಅಂಶದಲ್ಲಿ ಕೊಡುವ ಮದ್ದೇ ಇದು. ವಿಷವೇರುವ ಕ್ರಮವನ್ನು ಎಲ್ಲರೂ ತಿಳಿದಿರಬೇಕು. ತಿಂದೊಡನೆ ಏನೂ ಆಗದಿರಬಹುದು. ಕೆಲವು ತಾಸುಗಳ ಬಳಿಕ ಗಂಟಲುರಿ, ವಾಂತಿ, ನೀರಿನಂತಹ ಭೇದಿ. ಅದು ನಿಂತು ರೋಗಿ ಚೇತರಿಸಿದಂತೆ ತೋರುವ ಹೊತ್ತಿಗೆ, ಎರಡು ಮೂರು ದಿನಗಳಲ್ಲಿ, ರಕ್ತ ಹುಟ್ಟುವ ಅಸ್ಥಿಮಜ್ಜೆ ಸೋಲತೊಡಗುತ್ತದೆ. ಬದುಕಿ ಉಳಿದವರ ತಲೆಗೂದಲು ವಾರ ಎರಡು ವಾರಗಳಲ್ಲಿ ಉದುರುತ್ತದೆ. ಆದುದರಿಂದ ವಾಂತಿ ನಿಂತಿತೆಂದು ಆಸ್ಪತ್ರೆಯಿಂದ ಅವಸರದಲ್ಲಿ ಮನೆಗೆ ಮರಳುವುದು ತರವಲ್ಲ.

ಆಯುರ್ವೇದವು ಲಾಂಗಲಿಯನ್ನು ಉಪವಿಷಗಳ ಗುಂಪಿನಲ್ಲಿಟ್ಟು, ಶೋಧಿಸದೆ ಬಳಸಬಾರದೆಂದು ವಿಧಿಸಿದೆ. ನಮ್ಮ ದೇಶದ ಔಷಧ ನಿಯಮಗಳೂ ಲಾಂಗಲಿ, ಕಾಸರಕ, ಉಮ್ಮತ್ತ, ಗುಲಗಂಜಿಗಳನ್ನು ವಿಷದ್ರವ್ಯಗಳ ಪಟ್ಟಿಗೆ ಸೇರಿಸಿ, ಇವುಗಳಿರುವ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿವೆ. ಉಮ್ಮತ್ತದ ಮಾತು ಬಂದುದರಿಂದ ಒಂದು ಸಣ್ಣ ಸೂಚನೆ. ಶಿವಪೂಜೆಗೆಂದು ತುಂಬೆಯೊಡನೆ ಉಮ್ಮತ್ತದ ಹೂವನ್ನೂ ಆಯುವ ಭಕ್ತರು ಅನಂತರ ಕೈ ತೊಳೆದುಕೊಳ್ಳಬೇಕು. ಅದರ ರಸ ಹತ್ತಿದ ಬೆರಳಿನಿಂದ ಕಣ್ಣುಜ್ಜಿಕೊಂಡರೆ ಪಾಪೆ ಹಿಗ್ಗಿ ದೃಷ್ಟಿ ಒಂದೆರಡು ದಿನ ಮಬ್ಬಾಗುವುದುಂಟು. ತುಂಬೆ ಈ ದೋಷವಿಲ್ಲದ ಹೂವು.

ಕಾಮಾಲೆಯ ಕಾಲವೂ ಮಳೆಗಾಲವೇ. ಬಾವಿಗೆ ಕೆಸರುನೀರು ಸೇರಿದಾಗ ಹೆಪಟೈಟಿಸ್ ಎ ಮತ್ತು ಇ ಹರಡುತ್ತವೆ. ಮಂದಿ ದಾರಿಬದಿಯ ನೆಲನೆಲ್ಲಿಯನ್ನು ಹುಡುಕುತ್ತಾರೆ. ಎಲೆದಂಟಿನ ಕೆಳಗೆ ಸಾಸಿವೆಯಷ್ಟು ಹೂವು, ಅದರ ಬಳಿಕ ನೆಲ್ಲಿಯದೇ ಕಿರುರೂಪದ ಕಾಯಿ. ಬಗ್ಗಿ ನೋಡದವರಿಗೆ ಈ ಗಿಡ ಹೂ ಬಿಡುವುದೇ ತಿಳಿಯದು. ಇದರ ಕಥೆ ಸ್ವಾರಸ್ಯವಾದುದು. 1988ರಲ್ಲಿ ಚೆನ್ನೈಯ ಎಸ್.ಪಿ. ತ್ಯಾಗರಾಜನ್ ಮತ್ತು ಹೆಪಟೈಟಿಸ್ ಬಿ ವೈರಾಣುವನ್ನು ಕಂಡುಹಿಡಿದು ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಜೊತೆಗೂಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ನೆಲನೆಲ್ಲಿಯ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಹೆಪಟೈಟಿಸ್ ಬಿ ವೈರಾಣುವಿನ ಕುರುಹು ಮರೆಯಾಗಿತ್ತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ. ಜಗತ್ತೇ ಕಿವಿ ನಿಮಿರಿಸಿತು. ಬೇರೆ ದೇಶಗಳಲ್ಲಿ ಮರುಪರೀಕ್ಷೆ ನಡೆದಾಗ ಆ ಫಲ ದೊರೆಯಲಿಲ್ಲ. ಒಂದೇ ಅಧ್ಯಯನದಿಂದ ಮದ್ದು ಮದ್ದಾಗುವುದಿಲ್ಲವೆಂಬುದಕ್ಕೆ ಇದನ್ನು ವೈದ್ಯಲೋಕ ಇಂದಿಗೂ ನೆನೆಯುತ್ತದೆ.

ಹಾಗಾದರೆ ನೆಲನೆಲ್ಲಿಯ ರಸ ಕುಡಿದವರ ಕಾಮಾಲೆ ವಾಸಿಯಾಗುವುದು ಹೇಗೆ? ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಮಂದಿಯಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಶ್ರೇಯಸ್ಸು ಯಾವ ಸೊಪ್ಪು ಕುಡಿದೆವೋ ಅದಕ್ಕೆ ಸಲ್ಲುತ್ತದೆ. ಇದರಿಂದ ಸಾಮಾನ್ಯವಾಗಿ ಹಾನಿಯಿಲ್ಲವಾದರೂ ಇಳಿಯದ ಕಾಮಾಲೆಗಳೂ ಇವೆ: ಇಲಿಜ್ವರದ ಕಾಮಾಲೆ, ಪಿತ್ತನಾಳ ಕಟ್ಟಿದ ಕಾಮಾಲೆ, ಮದ್ಯದಿಂದ ಬಂದ ಕಾಮಾಲೆ. ತುಂಬು ಗರ್ಭಿಣಿಗೆ ಹೆಪಟೈಟಿಸ್ ಇ ತಗುಲಿದರೆ ಪ್ರಾಣಾಪಾಯ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಗಾಗುವುದು ಇವು ಕಾಮಾಲೆಯೊಡನೆ ಬಂದರೆ ಅಂದೇ ರಕ್ತಪರೀಕ್ಷೆ ಆಗಬೇಕು. ಅಡಕೆ ತೋಟದ ಕಣಿಯಲ್ಲಿ, ದಾರಿಬದಿಯ ಚರಂಡಿಯಲ್ಲಿ ಬರಿಗಾಲಿನಲ್ಲಿ ನಿಂತು ಸೊಪ್ಪು ಕೊಯ್ದವರಿಗೆ ಇಲಿಜ್ವರ ಅಲ್ಲಿಂದಲೇ ಬಂದಿರಬಹುದು.

ಮಳೆ ನಿಂತ ಮೇಲಿನ ಹೂವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಬರೆಗಳ ಮೇಲೆ ನೆಕ್ಕರಿಕದ ನೇರಳೆ ಹೂವು ವರ್ಷದ ಬಹುಭಾಗ ಇರುತ್ತದೆ. ಅದರ ಹಣ್ಣು ತಿಂದ ಮಕ್ಕಳ ನಾಲಿಗೆ ಕಪ್ಪಾಗುವುದು ಊರಿಗೆಲ್ಲ ತಿಳಿದ ವಿಷಯ, ಅದರಿಂದ ತೊಂದರೆಯಿಲ್ಲ. ನೆಕ್ಕರಿಕದ ಕುಡಿ, ಕೇಪುಳದ ಕೆಂಪು ಹೂವು ಇವನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಡನೆ ಅರೆದು, ಮಜ್ಜಿಗೆ ಬೆರೆಸಿದ ತಂಬುಳಿ ಹೊಟ್ಟೆ ಕೆಟ್ಟಾಗ ಹಿತವಾದ ಊಟ. ಒಗರು ಮಲವನ್ನು ಕಟ್ಟುತ್ತದೆ, ಮಜ್ಜಿಗೆ ನೀರನ್ನೂ ಉಪ್ಪನ್ನೂ ಒದಗಿಸುತ್ತದೆ. ಬೆಳ್ಳಟ್ಟೆಯ ಬಿಳಿಯ ‘ಎಲೆ’ ಎಲೆಯಲ್ಲ, ಹಿಗ್ಗಿದ ಪುಷ್ಪಪತ್ರ. ಚಿಟ್ಟೆಗಳನ್ನು ಕರೆಯುವ ಬಾವುಟ. ಡಿಸೆಂಬರಿನಿಂದ ರಸ್ತೆಯ ಇಕ್ಕೆಲಗಳಲ್ಲಿ ಮುಸುಕುವ ಮಾಸಲು ನೀಲಿ ಹೂವಿನ ಪೊದೆ ಅಮೆರಿಕದಿಂದ ಬಂದುದು. ಕೇರಳದ ಗಡಿಯಲ್ಲಿ ಇದನ್ನು ಕಮ್ಯುನಿಸ್ಟ್ ಗಿಡ ಎನ್ನುತ್ತಾರೆ. ಇದರ ಎಲೆಯ ರಸ ಕತ್ತಿಯ ಗಾಯದ ರಕ್ತವನ್ನು ಬೇಗ ನಿಲ್ಲಿಸುತ್ತದೆ. ಪ್ರಯೋಗಾಲಯದ ಪರೀಕ್ಷೆಗಳೂ ಇದನ್ನು ಒಪ್ಪಿವೆ. ಆದರೆ ರಸ ಹಿಂಡಿದ ಕೈ ಮಣ್ಣಿನದು, ಎಲೆ ಧೂಳಿನದು. ಆಳವಾದ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದು ತಪ್ಪಿಸಬಾರದು. ಈ ಗಿಡವನ್ನು ಕಷಾಯ ಮಾಡಿ ಕುಡಿಯುವುದಂತೂ ಬೇಡ. ಯಕೃತ್ತನ್ನು ಕೆಡಿಸುವ ಕ್ಷಾರಗಳು ಇದರಲ್ಲಿವೆ. ಇದೇ ಹೊತ್ತಿಗೆ ಬೇಲಿಯ ಗುಲಗಂಜಿ ಒಡೆದು ಕೆಂಪು ಕಪ್ಪು ಬೀಜಗಳು ಕಾಣುತ್ತವೆ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯ ದೆಸೆಯಿಂದ ಬಹುವೇಳೆ ಹಾಗೆಯೇ ಹೊರಬೀಳುತ್ತದೆ. ಅಗಿದು ನುಂಗಿದರೆ ಮಾರಕ.

ಹೂವಿನಿಂದಲೇ ಉಬ್ಬಸ, ಸೀನು ಎಂದು ದೂರುವವರಿಗೆ ಒಂದು ಮಾತು. ಬಣ್ಣದ ಹೂವಿನ ಪರಾಗ ಅಂಟಂಟಾಗಿದ್ದು ದುಂಬಿ ಚಿಟ್ಟೆಗಳ ಮೈಗೆ ಹತ್ತುತ್ತದೆ, ಗಾಳಿಯಲ್ಲಿ ಹೆಚ್ಚು ತೇಲುವುದಿಲ್ಲ. ಮೂಗಿಗೆ ಬರುವುದು ಕಣ್ಣಿಗೆ ಬೀಳದ ಹುಲ್ಲುಗಳ ಪರಾಗ. ಈ ತೇವದ ನಾಡಿನಲ್ಲಿ ಗೋಡೆಯ ಬೂಷ್ಟು ಅದಕ್ಕಿಂತ ದೊಡ್ಡ ವೈರಿ. ನವೆಂಬರ್ ರಾತ್ರಿಗಳಲ್ಲಿ ಹಾಲೆಯ ಹೂವಿನ ದಟ್ಟ ವಾಸನೆಗೆ ತಲೆನೋಯುವವರಿದ್ದಾರೆ, ನಿಜ.

ಇಷ್ಟೆಲ್ಲ ಗಿಡವನ್ನು ಗುರುತಿಸುವ ಮಾತಾಯಿತು. ಗಿಡ ಸರಿಯಾದುದೇ ಆಗಿದ್ದು, ಅದು ನಿಂತ ನೆಲ ಕೆಟ್ಟಿದ್ದರೆ? ಪೆಟ್ರೋಲಿಗೆ ಸೀಸ ಬೆರೆಸುವುದು ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ಪೂರ್ಣವಾಗಿ ನಿಂತಿತು. ಅದಕ್ಕೆ ಮುನ್ನ ದಶಕಗಳ ಕಾಲ ಹೊಗೆಯೊಡನೆ ಬಿದ್ದ ಸೀಸ ಮಣ್ಣಿನ ಮೇಲ್ಪದರದಲ್ಲಿ ಬಹುಕಾಲ ಉಳಿಯುವ ವಸ್ತು. ಟಯರು, ಬ್ರೇಕುಗಳ ಸವೆತದ ಧೂಳು ಇಂದಿಗೂ ಬೀಳುತ್ತಿದೆ. ಹಗಲಿರುಳು ಲಾರಿಗಳು ಓಡುವ ಹೆದ್ದಾರಿಯ ಅಂಚಿನ ತಗಚೆಗಿಂತ ಒಳದಾರಿಯ, ತೋಟದ ಬದಿಯ ತಗಚೆ ಲೇಸು.

ಕಳೆನಾಶಕದ ವಿಚಾರ ಇದಕ್ಕಿಂತ ಹತ್ತಿರದ್ದು. ಆಳುಗಳ ಅಭಾವದಿಂದ ತೋಟಗಳಲ್ಲಿಯೂ ದಾರಿಯಂಚಿನಲ್ಲಿಯೂ ಗ್ಲೈಫೊಸೇಟ್ ಹೊಡೆಯುವುದು ರೂಢಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಇದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ಗಳ ವರ್ಗಕ್ಕೆ ಸೇರಿಸಿತು, ಬೇರೆ ಕೆಲವು ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ನಮ್ಮ ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ, ಪರವಾನಗಿ ಪಡೆದ ಕೀಟನಿಯಂತ್ರಕರ ಹೊರತು ಯಾರೂ ಇದನ್ನು ಬಳಸಬಾರದೆಂದು ಆದೇಶಿಸಿತು. ವಾದ ಏನೇ ಇರಲಿ, ಅಡುಗೆಯವರು ತಿಳಿಯಬೇಕಾದ ಸಂಗತಿ ಇದು: ಗ್ಲೈಫೊಸೇಟ್ ಬಿದ್ದ ಗಿಡ ಅಂದೇ ಒಣಗುವುದಿಲ್ಲ. ಎಲೆ ಹಳದಿಯಾಗಲು ಸುಮಾರು ಒಂದು ವಾರ ಬೇಕು. ಆ ವಾರದುದ್ದಕ್ಕೂ ಅದು ಹಸುರಾಗಿ, ಆರೋಗ್ಯವಾಗಿ, ಕೊಯ್ಯಲು ಯೋಗ್ಯವಾಗಿ ಕಾಣುತ್ತದೆ. ಸಿಂಪರಣೆ ನಡೆಯುವುದು ಕಳೆ ಎಳೆಯದಾಗಿರುವಾಗ. ತಗಚೆ ಚಿಗುರುವುದೂ ಆಗಲೇ.

ಈ ಜಿಲ್ಲೆಯ ಜನರಿಗೆ ಸಿಂಪರಣೆಯ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕಾಸರಗೋಡಿನಲ್ಲಿ ಮಾತ್ರವಲ್ಲ, ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಪುತ್ತೂರು, ಸುಳ್ಯ ಸೀಮೆಯ ಗ್ರಾಮಗಳಲ್ಲಿಯೂ ಮನೆಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಉಳಿಸಿಹೋಗಿದೆ. ಸುಪ್ರೀಂ ಕೋರ್ಟು ಅದನ್ನು ತಡೆದುದು 2011ರ ಮೇ 13ರಂದು. ಸಿಂಪರಣೆ ನಿಂತು ಹತ್ತು ವರ್ಷಗಳ ಮೇಲೆ. ಅಂತಹ ನೆಲದಲ್ಲಿ ದಾರಿಬದಿಗೆ ಕ್ಯಾನು ಹಿಡಿದು ಹೊರಟವರನ್ನು ಪಂಚಾಯಿತಿಯವರು, ಶಾಲೆಯವರು ಕೇಳಬೇಕು: ಏನು ಹೊಡೆಯುತ್ತಿದ್ದೀರಿ, ಯಾವತ್ತು ಹೊಡೆಯುತ್ತೀರಿ, ಹೊಡೆದ ಕಡೆ ಫಲಕ ಹಾಕುತ್ತೀರಾ?

ಯಾರಾದರೂ ಸಂದೇಹದ ಗಿಡವನ್ನು ತಿಂದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಅದರಿಂದಲೇ ಅಪಾಯವುಂಟು. ಬಾಯಲ್ಲಿ ಉಳಿದುದನ್ನು ತೆಗೆದು, ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಬೇಕು. ತಿಂದ ಗಿಡದ ಎಲೆ, ಕಾಯಿ, ಗೆಡ್ಡೆಯ ತುಂಡನ್ನು, ಸಾಧ್ಯವಾದರೆ ಹೂವುಸಹಿತವಾದ ಟೊಂಗೆಯನ್ನು ಚೀಲದಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯಬೇಕು. ಗುರುತಿಸಲು ಬಲ್ಲವರು ಬೇಕಾದರೆ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಿವೆ, ಸುಳ್ಯದ ಕೆ.ವಿ.ಜಿ. ಆಯುರ್ವೇದ ಕಾಲೇಜಿದೆ. ಉಡುಪಿಯ ಪ್ರಾಧ್ಯಾಪಕ ಕೆ. ಗೋಪಾಲಕೃಷ್ಣ ಭಟ್ಟರು ಅವಿಭಜಿತ ಜಿಲ್ಲೆಯ ಸಸ್ಯಗಳನ್ನೆಲ್ಲ ದಾಖಲಿಸಿದ ಬೃಹದ್ಗ್ರಂಥ 2014ರಲ್ಲಿ ಪ್ರಕಟವಾಗಿದ್ದು, ಶಾಲೆಯ ಗ್ರಂಥಾಲಯಗಳಲ್ಲಿ ಇರತಕ್ಕದ್ದು.

ತಗಚೆ ಬೇಕೆಂಬವರು ಹೆದ್ದಾರಿಗೆ ಹೋಗಬೇಕಿಲ್ಲ. ನವೆಂಬರ್ ಡಿಸೆಂಬರಿನಲ್ಲಿ ಕುಡುಗೋಲಿನಂತಹ ಕಾಯಿಗಳು ಒಣಗಿ ಕಂದಾಗುತ್ತವೆ. ಒಡೆದು ಬೀಜ ಚೆಲ್ಲುವ ಮುನ್ನ ಕೊಯ್ದು, ಬಿಸಿಲಿಗೆ ಹಾಕಿ, ಮಕ್ಕಳ ಕೈಗೆ ಸಿಗದಂತೆ ಕಟ್ಟಿಡಬೇಕು. ಸಿಪ್ಪೆ ಬಹಳ ಗಟ್ಟಿಯಾದುದರಿಂದ ಬೇಸಗೆಯಿಡೀ ಕೆಡದೆ ಉಳಿಯುತ್ತದೆ. ಮೇ ಕೊನೆಯಲ್ಲಿ ಮರಳಿನೊಡನೆ ಸ್ವಲ್ಪ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಕೊಟ್ಟಿಗೆಯ ಹಿಂದೆ ಬಿಸಿಲು ಬೀಳುವ ಕಡೆ ಎರಚಿದರೆ ಜೂನಿನ ಮಳೆಗೆ ಎದ್ದುಬರುತ್ತದೆ. ಆಟಿಯ ಹೊತ್ತಿಗೆ ಒಂದು ಮನೆಗೆ ಸಾಲುವಷ್ಟು ಕುಡಿ ಸಿಗುತ್ತದೆ.